ಹರಳೆಣ್ಣೆಯೂ ಮೋಟಾರು ಯಂತ್ರವೂ

ಕನ್ನಡ ನಾಡಿನ ಮನೆಗಳಲ್ಲಿ ದೀಪಕ್ಕೂ ಔಷಧಕ್ಕೂ ಅಭ್ಯಂಜನಕ್ಕೂ ಒದಗುತ್ತಿದ್ದ ಹರಳೆಣ್ಣೆಯೇ ಲೋಕಪ್ರಸಿದ್ಧವಾದ ಒಂದು ಯಂತ್ರತೈಲಕ್ಕೂ ಹೆಸರನ್ನಿತ್ತಿತು.

ಕ್ರಿ. ಶ. 1899ರಲ್ಲಿ ಚಾರ್ಲ್ಸ್ ವೇಕ್‌ಫೀಲ್ಡ್ ಎಂಬಾತನು ಲಂಡನ್ ನಗರದಲ್ಲಿ ತನ್ನ ಹೆಸರಿನ ಸಂಸ್ಥೆಯನ್ನು ಸ್ಥಾಪಿಸಿ, ರೈಲುಬಂಡಿಗಳಿಗೂ ದೊಡ್ಡ ಯಂತ್ರಗಳಿಗೂ ಕೀಲೆಣ್ಣೆಯನ್ನು ಮಾರತೊಡಗಿದನು. ಮೋಟಾರುಗಳೂ ವಿಮಾನಗಳೂ ಹುಟ್ಟಿದ ಮೇಲೆ ಹೊಸದೊಂದು ತೊಡಕು ತಲೆದೋರಿತು. ಯಂತ್ರವು ತಣ್ಣಗಿರುವಾಗ ಹರಿಯಬಲ್ಲ ಎಣ್ಣೆಯು ಕಾವೇರಿದಾಗಲೂ ನೀರಾಗದೆ ಲೋಹಕ್ಕೆ ಅಂಟಿಕೊಂಡಿರಬೇಕಾಗಿತ್ತು. ಖನಿಜತೈಲಕ್ಕೆ ಹರಳೆಣ್ಣೆಯನ್ನು ಬೆರೆಸಲು ಈ ಗುಣವು ಲಭಿಸಿತು. ‘ಕ್ಯಾಸ್ಟರ್ ಆಯಿಲ್’ ಎಂಬ ಮಾತಿನಿಂದಲೇ 1909ರಲ್ಲಿ ಆ ತೈಲಕ್ಕೆ ‘ಕ್ಯಾಸ್ಟ್ರಾಲ್’ ಎಂದು ನಾಮಕರಣವಾಯಿತು. 1919ರಲ್ಲಿ ಆಲ್ಕಾಕ್ ಮತ್ತು ಬ್ರೌನ್ ಎಂಬ ವೈಮಾನಿಕರು ನಡುವೆ ಎಲ್ಲಿಯೂ ಇಳಿಯದೆ ಅಟ್ಲಾಂಟಿಕ್ ಸಾಗರವನ್ನು ದಾಟಿದಾಗ ಅವರ ವಿಮಾನದಲ್ಲಿದ್ದುದು ಈ ತೈಲವೇ.

ಆದರೆ ಹರಳೆಣ್ಣೆಯು ಕಾಲಕ್ರಮದಲ್ಲಿ ಅಂಟಾಗಿ ಯಂತ್ರದೊಳಗೆ ಹತ್ತಿಕೊಳ್ಳುತ್ತದೆ. ರಾಸಾಯನಿಕ ದ್ರವ್ಯಗಳನ್ನು ಕೂಡಿಸಿದ ಖನಿಜತೈಲಗಳು ಬಳಕೆಗೆ ಬರಲು ಸಾಮಾನ್ಯ ಮೋಟಾರುಗಳಿಂದ ಅದು ಹಿಂದೆ ಸರಿಯಿತು. ವೇಕ್‌ಫೀಲ್ಡನು 1941ರಲ್ಲಿ ಕಾಲವಾದನು. 1960ರಲ್ಲಿ ಸಂಸ್ಥೆಯು ಸ್ಥಾಪಕನ ಹೆಸರನ್ನು ಬಿಟ್ಟು ತೈಲದ ಹೆಸರನ್ನೇ ಧರಿಸಿತು. 1966ರಲ್ಲಿ ಬರ್ಮಾ ಆಯಿಲ್ ಕಂಪನಿಗೂ, 2000ದಲ್ಲಿ ಬ್ರಿಟನ್ನಿನ ಬಿ. ಪಿ. ಸಂಸ್ಥೆಗೂ ವಶವಾಯಿತು. ಒಡೆಯರು ಬದಲಾದರು, ಎಣ್ಣೆಯ ದ್ರವ್ಯವೂ ಬದಲಾಯಿತು. ಹಿತ್ತಿಲ ಹರಳುಗಿಡದ ಗುರುತು ಆ ಹೆಸರಿನಲ್ಲಿ ಮಾತ್ರ ಉಳಿದಿದೆ.