ಮೂರು ಘಟಕಗಳ ಸಂಸಾರ

ಹೊರನಾಡಿನ ಕನ್ನಡಿಗರ ಆತ್ಮಕಥನಗಳಲ್ಲಿ, ಅಭಿನಂದನ ಗ್ರಂಥಗಳಲ್ಲಿ, ಸಂಘಗಳ ಸ್ಮರಣ ಸಂಚಿಕೆಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಬರುತ್ತದೆ. ಅಪ್ಪನೊಬ್ಬನ ದುಡಿಮೆಯಲ್ಲಿ ಇಡೀ ಮನೆ ನಡೆಯಿತು, ಮಕ್ಕಳೆಲ್ಲ ಓದಿದರು, ಹೆಣ್ಣುಮಕ್ಕಳ ಮದುವೆಯೂ ಆಯಿತು ಎಂಬುದು ಆ ಮಾತು. ಇಬ್ಬರು ದುಡಿದರೂ ತಿಂಗಳ ಕೊನೆಗೆ ಕೈ ಬರಿದಾಗುವ ಈ ಕಾಲದಲ್ಲಿ ಅದನ್ನು ಓದುವಾಗ ನಮಗೆ ಬೆರಗಾಗುತ್ತದೆ, ತುಸು ಅಪರಾಧಿ ಭಾವವೂ ಮೂಡುತ್ತದೆ. ಆದರೆ ಆ ಒಂದು ಸಂಬಳ ಯಾವ ಉದ್ಯೋಗದ್ದು, ಅದನ್ನು ಪಡೆಯಲು ಎಷ್ಟು ಓದು ಬೇಕಾಗಿತ್ತು, ಅದರ ಜೊತೆಗೆ ಇನ್ನೇನು ಸಿಗುತ್ತಿತ್ತು ಎಂಬ ಪ್ರಶ್ನೆಗಳನ್ನು ನಾವು ಹೆಚ್ಚಾಗಿ ಕೇಳಿಕೊಂಡಿಲ್ಲ. ಮುಂಬಯಿಯನ್ನು ಮುಖ್ಯವಾಗಿ ಎದುರಿಗಿಟ್ಟುಕೊಂಡು ಗಿರಣಿ, ಹೋಟೆಲು ಮತ್ತು ಕಚೇರಿ ಎಂಬ ಮೂರು ದಾರಿಗಳನ್ನು ಇಲ್ಲಿ ಪರಿಶೀಲಿಸಬಹುದು.

ಮೊದಲಿಗೆ, ಒಬ್ಬನ ದುಡಿಮೆಯಲ್ಲಿ ಒಂದು ಸಂಸಾರ ನಡೆಯಬೇಕೆಂಬ ವಿಚಾರ ನಮ್ಮ ದೇಶದಲ್ಲಿ ಅಂಕಿಗಳ ರೂಪ ಪಡೆದ ಸಂದರ್ಭವನ್ನು ನೆನೆಯಬೇಕು. 1957ರ ಜುಲೈ ತಿಂಗಳಲ್ಲಿ ದೆಹಲಿಯಲ್ಲಿ ಹದಿನೈದನೆಯ ಭಾರತೀಯ ಕಾರ್ಮಿಕ ಸಮ್ಮೇಳನ ನಡೆಯಿತು. ಸರಕಾರ, ಮಾಲೀಕರು ಮತ್ತು ಕಾರ್ಮಿಕ ಸಂಘಗಳು ಒಟ್ಟಾಗಿ ಕುಳಿತು ಕನಿಷ್ಠ ವೇತನಕ್ಕೆ ಮಾನದಂಡಗಳನ್ನು ಒಪ್ಪಿಕೊಂಡವು. ಕಾರ್ಮಿಕನ ಕುಟುಂಬವೆಂದರೆ ಒಬ್ಬ ದುಡಿಯುವವನಿಗೆ ಮೂರು ಬಳಕೆಯ ಘಟಕಗಳು. ಗಂಡಿಗೆ 1, ಹೆಂಡತಿಗೆ 0.8, ಇಬ್ಬರು ಮಕ್ಕಳಿಗೆ ತಲಾ 0.6. ಒಂದು ಘಟಕಕ್ಕೆ ದಿನಕ್ಕೆ 2,700 ಕ್ಯಾಲೊರಿ ಆಹಾರ, ನಾಲ್ವರ ಕುಟುಂಬಕ್ಕೆ ವರ್ಷಕ್ಕೆ 72 ಗಜ ಬಟ್ಟೆ, ಸರಕಾರದ ಕೈಗಾರಿಕಾ ವಸತಿಯ ಕನಿಷ್ಠ ಬಾಡಿಗೆಯಷ್ಟು ಮನೆಯ ಖರ್ಚು, ಸೌದೆ, ದೀಪ ಮತ್ತು ಇತರ ವೆಚ್ಚಗಳಿಗೆ ಒಟ್ಟು ವೇತನದಲ್ಲಿ ಶೇಕಡಾ 20. ಹೆಂಗಸರ ಮತ್ತು ಮಕ್ಕಳ ಗಳಿಕೆಯನ್ನು ಈ ಲೆಕ್ಕದಲ್ಲಿ ಪರಿಗಣಿಸಕೂಡದೆಂದೂ ಸಮ್ಮೇಳನ ಹೇಳಿತು.

ಉದ್ದೇಶ ಒಳ್ಳೆಯದೇ. ಹೆಂಡತಿ ಮಕ್ಕಳು ದುಡಿಯುತ್ತಾರೆಂಬ ನೆಪದಲ್ಲಿ ಮಾಲೀಕನು ಸಂಬಳ ಕಡಿಮೆ ಮಾಡಬಾರದೆಂಬ ಕಾಳಜಿ ಅದರ ಹಿಂದೆ ಇತ್ತು. ಆದರೆ ಆ ಪಟ್ಟಿಯನ್ನು ಇಂದು ಓದುವಾಗ ಅದರಲ್ಲಿ ಇಲ್ಲದವರು ನಮ್ಮ ಕಣ್ಣಿಗೆ ಬೀಳುತ್ತಾರೆ. ಊರಿನಲ್ಲಿರುವ ಅಪ್ಪ ಅಮ್ಮ ಅಲ್ಲಿಲ್ಲ. ಮದುವೆಗೆ ಬಂದ ತಂಗಿ, ಓದುತ್ತಿರುವ ತಮ್ಮ ಅಲ್ಲಿಲ್ಲ. ಹೆಂಡತಿ ಇದ್ದಾಳೆ, ಆದರೆ ಉಣ್ಣುವವಳಾಗಿ ಮಾತ್ರ, ಕೆಲಸ ಮಾಡುವವಳಾಗಿ ಅಲ್ಲ. ಊರು ಬಿಟ್ಟು ದುಡಿಯಲು ಹೋದವರ ಸಂಸಾರಗಳು ಈ ಮೂರು ಘಟಕಗಳೊಳಗೆ ಎಂದೂ ಹಿಡಿಸಿದ್ದಿಲ್ಲ.

ಮುಂಬಯಿಯ ಬಟ್ಟೆ ಗಿರಣಿಗಳಲ್ಲಿ ಒಂಟಿ ದುಡಿಮೆಯ ಸಂಸಾರವೆಂಬುದು ಆರಂಭದಲ್ಲಿ ಇರಲೇ ಇಲ್ಲ. 1920ರ ದಶಕದಲ್ಲಿ ಗಿರಣಿ ಕೆಲಸಗಾರರಲ್ಲಿ ಸುಮಾರು ಐದರಲ್ಲಿ ಒಬ್ಬರು ಹೆಂಗಸರು. ನೂಲು ಸುತ್ತುವ ವಿಭಾಗಗಳು ಹೆಚ್ಚಾಗಿ ಅವರ ಕೈಯಲ್ಲಿದ್ದವು. ಮುಂದಿನ ದಶಕಗಳಲ್ಲಿ ಈ ಸಂಖ್ಯೆ ಕುಗ್ಗುತ್ತ ಹೋಯಿತು. ಹೆಂಗಸರು ರಾತ್ರಿ ಪಾಳಿಯಲ್ಲಿ ದುಡಿಯುವುದನ್ನು ಕಾನೂನು ಮೊದಲೇ ನಿಷೇಧಿಸಿತ್ತು. 1929ರಲ್ಲಿ ಮುಂಬಯಿ ಪ್ರಾಂತದಲ್ಲಿ ಹೆರಿಗೆ ಭತ್ಯೆಯ ಕಾಯಿದೆ ಬಂದಾಗ ಆ ವೆಚ್ಚವೂ ಹೆಂಗಸರನ್ನು ತೆಗೆದುಕೊಳ್ಳದಿರಲು ಒಂದು ಕಾರಣವಾಯಿತು. ಹೊಸ ಯಂತ್ರಗಳು ಬಂದು ಅವರ ವಿಭಾಗಗಳೇ ಕಿರಿದಾದವು. ಹೀಗೆ ಗಂಡಸೊಬ್ಬನೇ ದುಡಿಯುವ ಮನೆ ಎಂಬುದು ಒಂದು ಕಡೆಯಿಂದ ಕಾರ್ಮಿಕ ಚಳವಳಿಯ ಬೇಡಿಕೆ, ಇನ್ನೊಂದು ಕಡೆಯಿಂದ ಹೆಂಗಸರು ಕೆಲಸ ಕಳೆದುಕೊಂಡುದರ ಫಲ.

ಗಿರಣಿಗೆ ಸೇರಲು ಓದು ಬೇಕಿರಲಿಲ್ಲ. ಬೇಕಾದದ್ದು ಜಾಬರನ ಪರಿಚಯ, ಊರಿನವರ ಶಿಫಾರಸು. ಕಾಯಂ ಆಗುವ ತನಕ ಬದಲಿ ಕೆಲಸಗಾರನಾಗಿ ಪ್ರತಿ ಬೆಳಗ್ಗೆ ಗೇಟಿನ ಮುಂದೆ ನಿಂತು, ಯಾರಾದರೂ ಗೈರಾದರೆ ಮಾತ್ರ ಒಳಗೆ ಹೋಗಬೇಕು. ಅಂಥವನ ಗಳಿಕೆಯಲ್ಲಿ ಸಂಸಾರ ಹೂಡುವುದು ಅಸಾಧ್ಯ. ಆತ ಹತ್ತಾರು ಜನರೊಡನೆ ಒಂದು ಖೋಲಿಯಲ್ಲಿ ಪಾಳಿಯಂತೆ ಮಲಗುತ್ತಿದ್ದ, ಖಾನಾವಳಿಯಲ್ಲಿ ಉಣ್ಣುತ್ತಿದ್ದ. ಹೆಂಡತಿ ಮಕ್ಕಳು ಊರಿನಲ್ಲಿ ಹೊಲ ನೋಡಿಕೊಂಡಿರುತ್ತಿದ್ದರು. ಕಾಯಂ ಆದವನ ಸ್ಥಿತಿ ಬೇರೆ. 1947ರಲ್ಲಿ ಮುಂಬಯಿಯ ಕೈಗಾರಿಕಾ ನ್ಯಾಯಾಲಯವು ಗಿರಣಿ ಕೆಲಸಗಾರನ ಕನಿಷ್ಠ ಮೂಲವೇತನವನ್ನು ತಿಂಗಳಿಗೆ 30 ರೂಪಾಯಿ ಎಂದು ಗೊತ್ತುಪಡಿಸಿತು. ಬೆಲೆಗಳೊಂದಿಗೆ ಏರುವ ತುಟ್ಟಿಭತ್ಯೆ ಅದರ ಮೇಲೆ. ಅದೇ ವರ್ಷದ ಬಾಡಿಗೆ ನಿಯಂತ್ರಣ ಕಾಯಿದೆಯಿಂದ ಚಾಳಿನ ಬಾಡಿಗೆ ಏರದೆ ನಿಂತಿತು. ಇವೆರಡೂ ಕೂಡಿ ಒಂದು ಸಂಬಳದ ಸಂಸಾರವನ್ನು ಗಿರಣಗಾಂವದಲ್ಲಿ ಸಾಧ್ಯಗೊಳಿಸಿದವು.

ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ಅದೇ 1947ರಲ್ಲಿ ಮೊದಲನೆಯ ಕೇಂದ್ರ ವೇತನ ಆಯೋಗವು ಸರಕಾರಿ ಕಚೇರಿಯ ಜವಾನನಿಗೆ ಸೂಚಿಸಿದ ಮೂಲವೇತನವೂ 30 ರೂಪಾಯಿ, ತುಟ್ಟಿಭತ್ಯೆ 25, ಒಟ್ಟು 55. ಅಂದರೆ ಸ್ವಾತಂತ್ರ್ಯ ಬಂದ ವರ್ಷ ಗಿರಣಿಯ ಕೆಲಸಗಾರನೂ ಕಚೇರಿಯ ಜವಾನನೂ ಒಂದೇ ಮೂಲವೇತನದಿಂದ ಹೊರಟವರು. ಮೂವತ್ತೈದು ವರ್ಷಗಳ ತರುವಾಯ ಅವರಿಬ್ಬರ ಮನೆಗಳು ಎಲ್ಲಿ ಮುಟ್ಟಿದ್ದವು ಎಂಬುದನ್ನು ಮುಂದೆ ನೋಡೋಣ.

ಎರಡನೆಯ ದಾರಿ ನಮ್ಮವರಿಗೆ ಹೆಚ್ಚು ಪರಿಚಿತ. ಕರಾವಳಿಯಿಂದ ಹನ್ನೆರಡು ಹದಿಮೂರರ ಹುಡುಗರು ಮುಂಬಯಿಗೆ ಬಂದು ಹೋಟೆಲು ಸೇರುತ್ತಿದ್ದರು. ಮಾಟುಂಗಾ ನಿಲ್ದಾಣದ ಬಳಿ 1942ರಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದ ಎ. ರಾಮ ನಾಯಕರೂ ಹುಡುಗನಾಗಿ ಬಂದು ಅಡುಗೆಮನೆಯ ಕೆಲಸದಿಂದಲೇ ಆರಂಭಿಸಿದವರು. ಪಾತ್ರೆ ತೊಳೆಯುವುದು, ಟೇಬಲ್ ಒರೆಸುವುದು, ಅನಂತರ ಮಾಣಿ, ಅದೃಷ್ಟ ಕೂಡಿ ಬಂದರೆ ಗಲ್ಲಾ. ಹೋಟೆಲಿನ ಸಂಬಳ ಸಂಸಾರ ಸಾಕುವ ಸಂಬಳವಾಗಿರಲಿಲ್ಲ. ಊಟ ಮತ್ತು ರಾತ್ರಿ ಮಲಗಲು ಅಂಗಡಿಯ ನೆಲ ಅದರ ಬಹುದೊಡ್ಡ ಭಾಗ. ಆದರೆ ಹುಡುಗನಿಗೆ ತನ್ನ ಮೇಲೆ ಖರ್ಚೇ ಇರಲಿಲ್ಲವಾದ್ದರಿಂದ ಕೈಗೆ ಬಂದ ಅಲ್ಪ ಹಣ ಬಹುಪಾಲು ಮನಿಯಾರ್ಡರಾಗಿ ಊರಿಗೆ ಹೋಗುತ್ತಿತ್ತು. ಊರಿನ ಸಾಲ ತೀರಿದ್ದು, ಗೇಣಿ ಕಟ್ಟಿದ್ದು, ಹುಲ್ಲಿನ ಮಾಡಿಗೆ ಹಂಚು ಬಂದದ್ದು ಈ ಹಣದಿಂದ.

ಈ ಮನೆಗಳನ್ನು ಒಂಟಿ ದುಡಿಮೆಯ ಮನೆಗಳೆಂದು ಕರೆಯುವುದು ಸರಿಯೇ? ತುಳುನಾಡಿನ ಆ ಮನೆಗಳಲ್ಲಿ ಹೆಂಗಸರು ಗದ್ದೆಯಲ್ಲಿ ನೇಜಿ ನೆಡುತ್ತಿದ್ದರು, ದನ ಸಾಕುತ್ತಿದ್ದರು, ಜಗಲಿಯಲ್ಲಿ ಕುಳಿತು ಬೀಡಿ ಕಟ್ಟುತ್ತಿದ್ದರು. ಅಳಿಯಸಂತಾನದ ಕುಟುಂಬಗಳಲ್ಲಿ ಹೆಣ್ಣು ತನ್ನ ತಾಯಿಯ ಮನೆಯಲ್ಲಿಯೇ, ತನ್ನ ಹಕ್ಕಿನ ನೆಲದಲ್ಲಿಯೇ ಇರುವುದು ಸಹಜವಾಗಿತ್ತು. ಮುಂಬಯಿಯಲ್ಲಿ ಕುಟುಂಬ ಹೂಡುವ ವೆಚ್ಚವನ್ನು ಹೋಟೆಲಿನ ಧಣಿ ಕೊಡಬೇಕಾಗಿ ಬರಲಿಲ್ಲ. ಆ ವೆಚ್ಚವನ್ನು ಊರಿನ ನೆಲ ಮತ್ತು ಊರಿನ ಹೆಂಗಸರ ಶ್ರಮ ಭರಿಸಿದವು. ಮನಿಯಾರ್ಡರಿನ ಫಾರಮಿನಲ್ಲಿ ಅವರ ಹೆಸರು ಹಣ ಪಡೆಯುವವರ ಜಾಗದಲ್ಲಿ ಮಾತ್ರ ಇತ್ತು.

ಹೋಟೆಲಿನಿಂದ ಹೊರಬರಲು ಇದ್ದ ಒಂದು ಬಾಗಿಲು ರಾತ್ರಿಶಾಲೆ. 1902ರಲ್ಲಿ ಹುಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿಯಂಥ ಸಂಸ್ಥೆಗಳು ಕನ್ನಡದ ರಾತ್ರಿ ಪ್ರೌಢಶಾಲೆಗಳನ್ನು ನಡೆಸಿದವು. ಹಗಲೆಲ್ಲ ದುಡಿದು, ಸಂಜೆ ಧಣಿಯ ಅನುಮತಿ ಪಡೆದು, ತೂಕಡಿಸುತ್ತ ಪಾಠ ಕೇಳಿದ ಹುಡುಗರು ಅಲ್ಲಿ ಮೆಟ್ರಿಕ್ ಮುಗಿಸಿದರು. ಮುಂಬಯಿಯ ಕನ್ನಡ ಸಂಘ ಸಂಸ್ಥೆಗಳ ಚರಿತ್ರೆಯನ್ನು ನಾವು ಸಾಮಾನ್ಯವಾಗಿ ನಾಟಕ, ಯಕ್ಷಗಾನ, ಸಾಹಿತ್ಯಗೋಷ್ಠಿಗಳ ಚರಿತ್ರೆಯಾಗಿ ಬರೆಯುತ್ತೇವೆ. ಅನೇಕ ಮನೆಗಳ ಮಟ್ಟಿಗೆ ಅವುಗಳ ಅತಿದೊಡ್ಡ ಕೊಡುಗೆ ಒಂದು ಮೆಟ್ರಿಕ್ ಪ್ರಮಾಣಪತ್ರ.

ಆ ಪ್ರಮಾಣಪತ್ರ, ಅದರ ಜೊತೆಗೆ ಬೆರಳಚ್ಚು ಅಥವಾ ಶೀಘ್ರಲಿಪಿಯ ಪರೀಕ್ಷೆ, ಮೂರನೆಯ ದಾರಿಯನ್ನು ತೆರೆಯುತ್ತಿತ್ತು. ರೈಲ್ವೆ, ಅಂಚೆ ಇಲಾಖೆ, 1956ರಲ್ಲಿ ರಾಷ್ಟ್ರೀಕೃತವಾಗಿ ಮುಂಬಯಿಯಲ್ಲಿ ನೆಲೆಗೊಂಡ ಜೀವವಿಮಾ ನಿಗಮ, ದೆಹಲಿಯ ಕೇಂದ್ರ ಸರಕಾರದ ಕಚೇರಿಗಳು, ಮತ್ತು ನಮ್ಮ ಕರಾವಳಿಯ ಬ್ಯಾಂಕುಗಳು. ಕೆನರಾ ಬ್ಯಾಂಕ್ ಮತ್ತು ಕಾರ್ಪೊರೇಷನ್ ಬ್ಯಾಂಕ್ 1906ರಲ್ಲಿ, ಸಿಂಡಿಕೇಟ್ ಬ್ಯಾಂಕ್ 1925ರಲ್ಲಿ, ವಿಜಯಾ ಬ್ಯಾಂಕ್ 1931ರಲ್ಲಿ ಹುಟ್ಟಿದವು. ಅವು ದೇಶದಾದ್ಯಂತ ಶಾಖೆಗಳನ್ನು ತೆರೆದಂತೆ ದಕ್ಷಿಣ ಕನ್ನಡದ ತರುಣರು ಗುಮಾಸ್ತರಾಗಿ ಅವುಗಳ ಹಿಂದೆ ಹೋದರು. 1969ರಲ್ಲಿ 14 ಬ್ಯಾಂಕುಗಳು ರಾಷ್ಟ್ರೀಕರಣಗೊಂಡಾಗ ಕೆನರಾ ಮತ್ತು ಸಿಂಡಿಕೇಟ್ ಅವುಗಳಲ್ಲಿದ್ದವು. 1980ರಲ್ಲಿ ಕಾರ್ಪೊರೇಷನ್ ಮತ್ತು ವಿಜಯಾ ಸೇರಿದವು.

ಗುಮಾಸ್ತನ ಸಂಬಳ ಎಲ್ಲ ಕಾಲದಲ್ಲೂ ಗಿರಣಿಯ ಕುಶಲ ಕೆಲಸಗಾರನ ಗಳಿಕೆಗಿಂತ ಬಹಳ ಹೆಚ್ಚಾಗಿತ್ತೆಂದು ನಾವು ಭಾವಿಸಬೇಕಾಗಿಲ್ಲ. ಹೆಚ್ಚಾಗಿದ್ದದ್ದು ಭರವಸೆ. ಸಂಬಳ ತಿಂಗಳ ಗೊತ್ತಾದ ದಿನ ಬರುತ್ತದೆ. ವರ್ಷಕ್ಕೊಂದು ಬಡ್ತಿ ಇದೆ. ಖಾಯಿಲೆಗೆ ರಜೆ ಇದೆ, ಊರಿಗೆ ಹೋಗಲು ಪ್ರಯಾಣ ರಿಯಾಯಿತಿ ಇದೆ, ಮನೆಗೆ ಕಡಿಮೆ ಬಡ್ಡಿಯ ಸಾಲ ಇದೆ. ಸರಕಾರಿ ನೌಕರನಿಗೆ ವಸತಿಗೃಹ, ನಿವೃತ್ತಿವೇತನ, ತೀರಿಕೊಂಡರೆ ಹೆಂಡತಿಗೆ ಕುಟುಂಬ ಪಿಂಚಣಿ. ಇಂಥ ಸಂಬಳದ ಮೇಲೆ ಮುಂದಿನ ಇಪ್ಪತ್ತು ವರ್ಷಗಳ ಯೋಜನೆ ಹಾಕಬಹುದಾಗಿತ್ತು. ತಮ್ಮನನ್ನು ಕರೆಸಿಕೊಂಡು ಓದಿಸಬಹುದು, ಮಗಳನ್ನು ಕಾಲೇಜಿಗೆ ಕಳಿಸಬಹುದು. ಓದು ತಂದುಕೊಟ್ಟದ್ದು ಹೆಚ್ಚಿನ ಹಣಕ್ಕಿಂತ ಮಿಗಿಲಾಗಿ ನಾಳೆಯನ್ನು ಕುರಿತು ಯೋಚಿಸುವ ಅವಕಾಶ.

ಈ ವ್ಯತ್ಯಾಸ ಬಯಲಾದದ್ದು 1982ರಲ್ಲಿ. ಆ ವರ್ಷದ ಜನವರಿ 18ರಂದು ದತ್ತಾ ಸಾಮಂತರ ನಾಯಕತ್ವದಲ್ಲಿ ಗಿರಣಿ ಮುಷ್ಕರ ಆರಂಭವಾಯಿತು. ಸುಮಾರು ಎರಡೂವರೆ ಲಕ್ಷ ಕೆಲಸಗಾರರು ಹೊರಬಂದರು. ಸಂಬಳವಿಲ್ಲದೆ ಒಂದು ವರ್ಷಕ್ಕೂ ಮಿಕ್ಕಿ ಕಾದರು. ಬಹಳ ಮಂದಿಗೆ ಕೆಲಸ ಮರಳಿ ಸಿಗಲೇ ಇಲ್ಲ. ಹಲವು ಗಿರಣಿಗಳು ಮತ್ತೆ ಚೇತರಿಸಿಕೊಳ್ಳಲಿಲ್ಲ. ಆಗ ಆ ಮನೆಗಳನ್ನು ಹಿಡಿದು ನಿಲ್ಲಿಸಿದವರು ಯಾರು? ತರಕಾರಿ ಮಾರಲು ಕುಳಿತ, ಮನೆಗೆಲಸಕ್ಕೆ ಹೋದ, ಖಾನಾವಳಿಗೆ ಇನ್ನಷ್ಟು ಜನರನ್ನು ಸೇರಿಸಿಕೊಂಡ ಹೆಂಗಸರು. ಊರಿನಲ್ಲಿ ತುಂಡು ಹೊಲವಿದ್ದವರು ಊರಿಗೆ ಮರಳಿದರು. ಅದೇ ಅವಧಿಯಲ್ಲಿ, 1947ರಲ್ಲಿ ಅದೇ 30 ರೂಪಾಯಿಯಿಂದ ಹೊರಟಿದ್ದ ಜವಾನನು ನಿವೃತ್ತನಾಗಿ ಪ್ರತಿ ತಿಂಗಳು ಪಿಂಚಣಿ ಪಡೆಯುತ್ತಿದ್ದ. ಇಬ್ಬರಲ್ಲಿ ಯಾರೂ ಹೆಚ್ಚು ಪರಿಶ್ರಮಿಯಲ್ಲ, ಯಾರೂ ಹೆಚ್ಚು ಜಾಣನಲ್ಲ. ಒಬ್ಬನ ಸಂಬಳದ ಹಿಂದೆ ಸರಕಾರವಿತ್ತು, ಇನ್ನೊಬ್ಬನ ಸಂಬಳದ ಹಿಂದೆ ಮಾರುಕಟ್ಟೆಯಿತ್ತು.

ಹೆಂಗಸರ ಗಳಿಕೆ ಬಿಕ್ಕಟ್ಟಿನ ಕಾಲಕ್ಕೆ ಮಾತ್ರ ಸೀಮಿತವಾಗಿರಲಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. 1959ರ ಮಾರ್ಚ್ 15ರಂದು ಗಿರಗಾಂವದ ಒಂದು ಕಟ್ಟಡದ ಮಾಳಿಗೆಯಲ್ಲಿ ಏಳು ಮಂದಿ ಗುಜರಾತಿ ಗೃಹಿಣಿಯರು 80 ರೂಪಾಯಿ ಸಾಲ ತಂದು ಹಪ್ಪಳ ಮಾಡಲು ಕುಳಿತರು. ಲಿಜ್ಜತ್ ಪಾಪಡ್ ಹುಟ್ಟಿದ್ದು ಹಾಗೆ. ಸಂಬಳದ ಗಂಡಸರಿದ್ದ ಮನೆಗಳಿಗೂ ಆ ಹಪ್ಪಳದ ಹಣ ಬೇಕಾಗಿತ್ತು ಎಂಬುದು ಅದರ ಬೆಳವಣಿಗೆಯಿಂದಲೇ ತಿಳಿಯುತ್ತದೆ. ನಮ್ಮ ಕನ್ನಡದ ಮನೆಗಳಲ್ಲಿ ಅದು ಸಾರಿನ ಪುಡಿ, ಹೊಲಿಗೆ, ಮಕ್ಕಳಿಗೆ ಮನೆಪಾಠ, ಊರಿನಿಂದ ಬಂದ ಇಬ್ಬರು ಹುಡುಗರಿಗೆ ಹಣ ಪಡೆದು ಊಟ ಎಂಬ ರೂಪಗಳಲ್ಲಿ ನಡೆಯಿತು. ಅದನ್ನು ಯಾರೂ ಆದಾಯವೆಂದು ಕರೆಯಲಿಲ್ಲ. ಕೈಖರ್ಚು ಎಂದರು.

ಮೂರು ಘಟಕಗಳ ಸೂತ್ರಕ್ಕೆ ಬಂದರೆ, ಅದು ಇಂದಿಗೂ ಜೀವಂತವಾಗಿದೆ. 1991ರಲ್ಲಿ ಸರ್ವೋಚ್ಚ ನ್ಯಾಯಾಲಯವು ಮಕ್ಕಳ ಶಿಕ್ಷಣ, ವೈದ್ಯಕೀಯ ವೆಚ್ಚ, ಹಬ್ಬ ಹರಿದಿನ, ಮುಪ್ಪು, ಮದುವೆ ಇವುಗಳಿಗಾಗಿ ಕನಿಷ್ಠ ವೇತನದಲ್ಲಿ ಶೇಕಡಾ 25ರಷ್ಟು ಸೇರಬೇಕೆಂದು ಹೇಳಿತು. ಸಮ್ಮೇಳನ ಮರೆತಿದ್ದ ಬದುಕಿನ ಒಂದು ಭಾಗ ಮೂವತ್ನಾಲ್ಕು ವರ್ಷಗಳ ಬಳಿಕ ಲೆಕ್ಕಕ್ಕೆ ಬಂತು. 2016ರಿಂದ ಜಾರಿಗೆ ಬಂದ ಏಳನೆಯ ವೇತನ ಆಯೋಗದ 18,000 ರೂಪಾಯಿ ಕನಿಷ್ಠ ವೇತನವೂ ಅದೇ ಮೂರು ಘಟಕಗಳನ್ನು ಆಧರಿಸಿದ್ದು. 2019ರಲ್ಲಿ ಕೇಂದ್ರ ಸರಕಾರದ ಒಂದು ತಜ್ಞ ಸಮಿತಿ ಅದನ್ನು 3.6ಕ್ಕೆ ಏರಿಸಬೇಕೆಂದು ಶಿಫಾರಸು ಮಾಡಿತು. ಇತ್ತ ಭರವಸೆಯ ಸಂಬಳದ ಸ್ವರೂಪವೇ ಬದಲಾಗಿದೆ. 2004ರ ಜನವರಿ 1ರ ಬಳಿಕ ಕೇಂದ್ರ ಸರಕಾರದ ನಾಗರಿಕ ಸೇವೆಗೆ ಸೇರಿದವರನ್ನು ಮಾರುಕಟ್ಟೆಯನ್ನು ಅವಲಂಬಿಸಿದ ಹೊಸ ಪಿಂಚಣಿ ವ್ಯವಸ್ಥೆಗೆ ಒಳಪಡಿಸಲಾಯಿತು. ಪುಣೆ, ಹೈದರಾಬಾದು, ಚೆನ್ನೈಗಳ ಮಾಹಿತಿ ತಂತ್ರಜ್ಞಾನ ಕಂಪನಿಗಳಲ್ಲಿ ದುಡಿಯುವ ನಮ್ಮ ಮಕ್ಕಳ ಸಂಬಳ ದೊಡ್ಡದು, ಓದು ಇನ್ನೂ ದೊಡ್ಡದು. ಆದರೆ ಇಪ್ಪತ್ತು ವರ್ಷಗಳ ಗೃಹಸಾಲಕ್ಕೆ ಸಹಿ ಹಾಕುವಾಗ ಅವರಿಗೆ ಇಪ್ಪತ್ತು ವರ್ಷಗಳ ಕೆಲಸದ ಭರವಸೆ ಇಲ್ಲ. ಆ ಒಂದು ದೃಷ್ಟಿಯಿಂದ ಅವರು ಅಜ್ಜನ ಕಾಲದ ಗುಮಾಸ್ತನಿಗಿಂತ ಗಿರಣಿಯ ಕೆಲಸಗಾರನಿಗೆ ಹತ್ತಿರದವರು. ಒಬ್ಬರ ಸಂಬಳ ಸಾಲದೆಂದು ಅವರು ಹೇಳಿದಾಗ ದುಂದುವೆಚ್ಚದ ಮಾತೆತ್ತುವ ಮೊದಲು ನಾವು ಇದನ್ನು ನೆನೆಯುವುದು ಒಳಿತು.

ಅಪ್ಪನೊಬ್ಬನ ದುಡಿಮೆ ಎಂಬ ಮಾತಿನಲ್ಲಿ ಕೃತಜ್ಞತೆ ಇದೆ, ಅದನ್ನು ಅಳಿಸಬೇಕಾಗಿಲ್ಲ. ಆ ಸಂಬಳದ ಜೊತೆಗೆ ಏರದ ಬಾಡಿಗೆ, ಊರಿನ ಹೊಲ, ರಾತ್ರಿಶಾಲೆಯ ಮೇಷ್ಟ್ರು, ಕಾರ್ಮಿಕ ಸಂಘ ಗೆದ್ದುಕೊಟ್ಟ ತುಟ್ಟಿಭತ್ಯೆ ಮತ್ತು ಲೆಕ್ಕಕ್ಕೆ ಬಾರದ ಅಮ್ಮನ ಕೆಲಸವೂ ಇದ್ದವೆಂದು ಸೇರಿಸಿ ಬರೆದರೆ ಚರಿತ್ರೆ ಇನ್ನಷ್ಟು ನಿಜವಾಗುತ್ತದೆ. ನಮ್ಮ ಸಂಘಗಳು ಮುಂದಿನ ಸ್ಮರಣ ಸಂಚಿಕೆಗಳಿಗೆ ಹಿರಿಯರ ನೆನಪುಗಳನ್ನು ಕಲೆಹಾಕುವಾಗ, ಎಷ್ಟು ಸಂಬಳ ಬರುತ್ತಿತ್ತು ಎಂದು ತಂದೆಯವರನ್ನು ಕೇಳಿದ ಮೇಲೆ, ಅದರಲ್ಲಿ ತಿಂಗಳು ಹೇಗೆ ಸಾಗುತ್ತಿತ್ತು ಎಂದು ತಾಯಿಯವರನ್ನೂ ಕೇಳಿ ಬರೆದುಕೊಳ್ಳಲಿ. ಉತ್ತರ ಹೇಳಬಲ್ಲವರು ನಮ್ಮ ನಡುವೆ ಇನ್ನೂ ಇದ್ದಾರೆ.