ಕರಂಟ್: ಒಂದು ಪುಟ್ಟ ಒಣದ್ರಾಕ್ಷಿಯ ಪಾಠ

ಹಬ್ಬದ ಶೀರ್ ಕುರ್ಮಾಕ್ಕೆ ಹಾಕುವ ಕಿಶ್ಮಿಶ್ ನಮ್ಮ ಮನೆಗಳಲ್ಲಿ ಎಲ್ಲರಿಗೂ ಗೊತ್ತು. ಅದೇ ಬಳಗದ ಇನ್ನೊಂದು ಒಣಹಣ್ಣು ಕರಂಟ್. ಕಪ್ಪು ಬಣ್ಣ, ಕಿಶ್ಮಿಶ್‌ಗಿಂತ ತೀರಾ ಚಿಕ್ಕ ಗಾತ್ರ, ಬೀಜವಿಲ್ಲ. ಗ್ರೀಸ್ ದೇಶದ ಕೊರಿಂಥ್ ಪಟ್ಟಣದ ಹೆಸರೇ ಯುರೋಪಿನ ವ್ಯಾಪಾರಿಗಳ ಬಾಯಲ್ಲಿ ಸವೆದು ಕರಂಟ್ ಆಯಿತು. ಮಕ್ಕಳು ಇಷ್ಟಪಡುವ ಐಸ್‌ಕ್ರೀಮಿನ ಬ್ಲ್ಯಾಕ್ ಕರಂಟ್ ಇದಲ್ಲ. ಅದು ಚಳಿ ದೇಶದ ಪೊದೆಯಲ್ಲಿ ಬಿಡುವ ಬೇರೆಯೇ ಹಣ್ಣು. ನೋಡಲು ಈ ದ್ರಾಕ್ಷಿಯಂತೆ ಇದ್ದುದರಿಂದ ಅದಕ್ಕೂ ಇದೇ ಹೆಸರು ಅಂಟಿಕೊಂಡಿತು.

ಈ ಪುಟ್ಟ ಹಣ್ಣು ಒಂದು ದೇಶವನ್ನೇ ಮೇಲೆತ್ತಿ ಕೆಡವಿದ ಕಥೆಯನ್ನು ಇಲ್ಲಿ ಹೇಳಬೇಕಾಗಿದೆ.

ದಕ್ಷಿಣ ಗ್ರೀಸಿನ ಪೆಲೊಪೊನೀಸ್ ಮತ್ತು ಪಕ್ಕದ ಝಾಂಟೆ ದ್ವೀಪದ ರೈತರು ಆಗಸ್ಟ್ ತಿಂಗಳಲ್ಲಿ ಗೊಂಚಲು ಕೊಯ್ದು ಬಿಸಿಲಿಗೆ ಹರಡುತ್ತಿದ್ದರು. ಒಣಗುವ ಹೊತ್ತಿಗೆ ಒಂದು ಮಳೆ ಬಿದ್ದರೂ ವರ್ಷದ ದುಡಿಮೆ ಮಣ್ಣುಪಾಲು. ಒಣಗಿದ ಹಣ್ಣು ಪಾತ್ರಾಸ್ ಬಂದರಿನಿಂದ ಹಡಗು ಹತ್ತುತ್ತಿತ್ತು. ಕೇಕು, ಕಡುಬುಗಳಿಗಾಗಿ ಅದನ್ನು ಹೆಚ್ಚಾಗಿ ಕೊಳ್ಳುತ್ತಿದ್ದವರು ಇಂಗ್ಲಿಷರು.

1860ರ ದಶಕದಲ್ಲಿ ಫ್ರಾನ್ಸಿನ ದ್ರಾಕ್ಷಿ ಬಳ್ಳಿಗಳ ಬೇರಿಗೆ ಫಿಲಾಕ್ಸೆರಾ ಎಂಬ ಕೀಟ ಬಿತ್ತು. ತೋಟಗಳು ಸಾಲುಸಾಲಾಗಿ ಒಣಗಿದವು. ಅಲ್ಲಿನ ಮದ್ಯ ತಯಾರಕರು ಗ್ರೀಸಿನ ಕರಂಟ್‌ಗೆ ಮುಗಿಬಿದ್ದರು. ಬೆಲೆ ಏರಿತು. ರೈತರು ತಲೆತಲಾಂತರದ ಆಲಿವ್ ಮರಗಳನ್ನೂ ಕಡಿದು, ಸಾಲ ಮಾಡಿ ಬಳ್ಳಿ ನೆಟ್ಟರು. ದೇಶದ ರಫ್ತಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಈ ಒಂದೇ ಹಣ್ಣಿನದಾಯಿತು.

ಆದರೆ ಫ್ರಾನ್ಸಿನವರು ಸುಮ್ಮನೆ ಕೂರಲಿಲ್ಲ. ಕೀಟವನ್ನು ತಾಳಿಕೊಳ್ಳುವ ಅಮೆರಿಕದ ಬಳ್ಳಿಯ ಬೇರಿಗೆ ತಮ್ಮ ಬಳ್ಳಿಯನ್ನು ಕಸಿಕಟ್ಟಿ ತೋಟಗಳನ್ನು ಮತ್ತೆ ಎಬ್ಬಿಸಿದರು. 1892ರಲ್ಲಿ ಹೊರಗಿನ ಸರಕಿನ ಮೇಲೆ ಭಾರೀ ಸುಂಕ ಹೇರಿದರು. 1893ರಲ್ಲಿ ಕರಂಟ್ ಬೆಲೆ ಕುಸಿದುಬಿತ್ತು. ಮೊದಲೇ ಸಾಲದಲ್ಲಿ ಮುಳುಗಿದ್ದ ಗ್ರೀಸಿನ ಬೊಕ್ಕಸ ಬರಿದಾಗಿ, ಅದೇ ವರ್ಷದ ಡಿಸೆಂಬರಿನಲ್ಲಿ ಪ್ರಧಾನಿ ತ್ರಿಕೂಪಿಸ್ ದೇಶ ದಿವಾಳಿಯಾಗಿದೆ ಎಂದು ಘೋಷಿಸಿದರು. ಆಮೇಲಿನ ವರ್ಷಗಳಲ್ಲಿ ಪೆಲೊಪೊನೀಸ್‌ನ ಹಳ್ಳಿಗಳಿಂದ ಸಾವಿರಾರು ಯುವಕರು ಕೂಲಿ ಹುಡುಕಿಕೊಂಡು ಅಮೆರಿಕದ ಹಡಗು ಹತ್ತಿದರು.

ಆ ರೈತರು ಸೋಮಾರಿಗಳಲ್ಲ, ಮೋಸಗಾರರೂ ಅಲ್ಲ. ನೆರೆಯವನ ತೋಟ ಒಣಗಿದ್ದರಿಂದ ಬಂದ ಗಳಿಕೆಯನ್ನು ಶಾಶ್ವತವೆಂದು ನಂಬಿದ್ದೇ ಅವರ ತಪ್ಪು. ಬೆಲೆ ಬಂದ ಬೆಳೆಯ ಹಿಂದೆ ಊರಿಗೆ ಊರೇ ಓಡುವುದನ್ನು ನಾವೂ ಕಂಡಿದ್ದೇವೆ. ಒಳ್ಳೆಯ ಬೆಲೆ ಸಿಕ್ಕ ವರ್ಷ ಸಾಲ ತೀರಿಸೋಣ, ಒಂದಿಷ್ಟು ಉಳಿಸೋಣ. ಹಿರಿಯರು ನೆಟ್ಟ ಮರಕ್ಕೆ ಕೊಡಲಿ ಹಾಕುವ ಮುನ್ನ ಒಮ್ಮೆ ಪಾತ್ರಾಸ್ ಬಂದರನ್ನು ನೆನೆಯೋಣ.