ಹಳಿ ಯಾರದು, ಸಾಲ ಯಾರದು?

ಚರಿತ್ರೆ ಅಂದರೆ ರಾಜರ ಪಟ್ಟಾಭಿಷೇಕದ ಲೆಕ್ಕ ಅಂತ ನಮಗೆ ಶಾಲೆಯಲ್ಲಿ ಹೇಳಿಕೊಟ್ಟರು. ರೈಲು ಹಳಿಗೂ ಒಂದು ಚರಿತ್ರೆ ಇದೆ, ಅದರೊಳಗೆ ನಮ್ಮವರ ಬೆವರಿದೆ, ನಮ್ಮವರ ತಲೆ ಮೇಲೆ ಹೊರಿಸಿದ ಸಾಲವಿದೆ ಅನ್ನೋದನ್ನ ಯಾರೂ ಹೇಳಲಿಲ್ಲ. ಮನೆಯಲ್ಲಿ ಮೊದಲು ಡಿಗ್ರಿ ಕಂಡ ನಾವು ಅದನ್ನು ನಾವೇ ಓದಿಕೊಳ್ಳಬೇಕಾಗಿದೆ.

ದಾಬಸ್‌ಪೇಟೆಯ ಹೆಸರಿನಿಂದಲೇ ಶುರು ಮಾಡೋಣ. ಕಬ್ಬನ್ ಕಾಲದಲ್ಲಿ ಚಿತ್ರದುರ್ಗ ವಿಭಾಗವನ್ನು ಆಳಿದ ಡಾಬ್ಸ್ ಎಂಬ ಬ್ರಿಟಿಷ್ ಅಧಿಕಾರಿಯ ಹೆಸರು ಈ ಪೇಟೆಗೆ ಅಂಟಿಕೊಂಡಿದೆ. ಶಿವಗಂಗೆ ಬೆಟ್ಟದ ಬುಡದಲ್ಲಿ ಕಲ್ಲು ಹೊತ್ತವರ, ರಾಗಿ ಬೆಳೆದವರ ಹೆಸರನ್ನು ಯಾರೂ ಯಾವ ಪೇಟೆಗೂ ಇಡಲಿಲ್ಲ.

ನಮ್ಮ ಸೀಮೆಯ ರೈಲಿನ ಕಥೆ ಬರದಿಂದ ಹೊರಡುತ್ತದೆ. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನ 50 ಲಕ್ಷಕ್ಕೂ ಹೆಚ್ಚು. 1881ರಲ್ಲಿ 42 ಲಕ್ಷಕ್ಕೂ ಕಡಿಮೆ. ನಡುವೆ ಬಂದದ್ದು 1876–78ರ ಬರ. ಹೊಲವಿಲ್ಲದವರು, ಮನೆಯಲ್ಲಿ ಕಾಳಿಲ್ಲದವರು ಮೊದಲು ಬಿದ್ದರು. ಬೆಂಗಳೂರು–ಮೈಸೂರು ರೈಲು ದಾರಿಯ ಮಣ್ಣು ಕೆಲಸವನ್ನು ಸರ್ಕಾರ ಬರ ಪರಿಹಾರದ ಕಾಮಗಾರಿ ಅಂತ ಹಿಡಿಯಿತು. ಹಸಿದವರು ಮಣ್ಣು ಹೊತ್ತು ಏರಿ ಹಾಕಿದರು. ಉಂಡವರು ಅದರ ಮೇಲೆ ರೈಲು ಹತ್ತಿದರು.

1881ರಲ್ಲಿ ಸಂಸ್ಥಾನ ಒಡೆಯರ ಕೈಗೆ ಮರಳಿ ಬಂತು. ಜೊತೆಗೆ ಬರದ ಲೆಕ್ಕದ 80 ಲಕ್ಷ ರೂಪಾಯಿ ಸಾಲವೂ ಬಂತು. ಬ್ರಿಟಿಷರಿಗೆ ಕೊಡುವ ವರ್ಷದ ಕಾಣಿಕೆಯನ್ನು 24.5 ಲಕ್ಷದಿಂದ 35 ಲಕ್ಷಕ್ಕೆ ಏರಿಸಿದರು. ಏರಿಕೆಗೆ ಐದು ವರ್ಷದ ವಾಯಿದೆ ಕೊಟ್ಟದ್ದೇ ದೊಡ್ಡ ಉಪಕಾರ! ಇಂಥ ಇಕ್ಕಟ್ಟಿನಲ್ಲೇ 1884ರಲ್ಲಿ ನಮ್ಮ ಈ ಬಯಲು ಹಾದು ರೈಲು ತುಮಕೂರು ಮುಟ್ಟಿತು. ಮುಂದಕ್ಕೆ ಹೋಗಲು ಬೊಕ್ಕಸದಲ್ಲಿ ಹಣ ಸಾಲದು. 1886ರಲ್ಲಿ ದಿವಾನ್ ಶೇಷಾದ್ರಿ ಅಯ್ಯರ್ ಸರ್ಕಾರ ಹಳಿಯನ್ನು ಸದರನ್ ಮರಾಠಾ ರೈಲ್ವೆ ಕಂಪನಿಯ ವಶಕ್ಕೆ ಕೊಟ್ಟಿತು, ಇಂಗ್ಲೆಂಡಿನಲ್ಲಿ ಸುಮಾರು 12 ಲಕ್ಷ ಪೌಂಡು ಸಾಲ ಎತ್ತಲಾಯಿತು. 1889ಕ್ಕೆ ದಾರಿ ಹರಿಹರ ಮುಟ್ಟಿತು.

ಇದನ್ನು ಗಮನಿಸಬೇಕು ಗೆಳೆಯರೇ. ಸಾಲ ಕೊಟ್ಟವನ ಕಣ್ಣು ದೂರದ ಊರಿನ ಮೇಲೆ, ದೂರದ ಸರಕಿನ ಮೇಲೆ. ನಡುವಿನ ಹಳ್ಳಿಯವನು ಬೆಳಗ್ಗೆ ಕೂಲಿಗೆ ಹೋಗಿ ಸಂಜೆ ಮನೆಗೆ ಬರಬೇಕು ಅನ್ನೋದು ಆ ಲೆಕ್ಕದಲ್ಲಿ ಬರಲೇ ಇಲ್ಲ. ಇವತ್ತಿಗೂ ಸರಿಯಾಗಿ ಬಂದಿಲ್ಲ.

ಬೆಂಗಳೂರಿಗೆ ಉಪನಗರ ರೈಲು ಬೇಕು ಅಂತ ದಕ್ಷಿಣ ರೈಲ್ವೆಯ ತಂಡ ಹೇಳಿದ್ದು 1983ರಲ್ಲಿ. ಆ ವರದಿ ಕಪಾಟು ಸೇರಿತು. 2018ರ ಕೇಂದ್ರ ಬಜೆಟ್ಟಿನಲ್ಲಿ 17,000 ಕೋಟಿ ಅಂದರು. 2020ರ ಅಕ್ಟೋಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದ್ದು 148 ಕಿಲೋಮೀಟರು, 15,767 ಕೋಟಿ. 2022ರ ಜೂನಿನಲ್ಲಿ ಪ್ರಧಾನಿ ಅಡಿಗಲ್ಲಿಟ್ಟು, ನಲವತ್ತು ವರ್ಷ ಆಗದ್ದನ್ನು ನಲವತ್ತು ತಿಂಗಳಲ್ಲಿ ಮಾಡುತ್ತೇವೆ ಅಂದರು. ನಲವತ್ತು ತಿಂಗಳು 2025ರ ಅಕ್ಟೋಬರಿಗೆ ಮುಗಿಯಿತು. ರೈಲು ಬರಲಿಲ್ಲ.

ದಾರಿಗಳಿಗೆ ಇಟ್ಟ ಹೆಸರು ಚೆನ್ನಾಗಿವೆ: ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ. ನಮ್ಮ ಕಡೆಗೆ ಬರುವುದು ಮಲ್ಲಿಗೆ. ಬೈಯಪ್ಪನಹಳ್ಳಿಯಲ್ಲಿ ಹೊರಟು 25 ಕಿಲೋಮೀಟರು ಬಂದು ಚಿಕ್ಕಬಾಣಾವರದಲ್ಲಿ ನಿಲ್ಲುತ್ತದೆ. ಮಲ್ಲಿಗೆಯ ಘಮ ಸೋಲದೇವನಹಳ್ಳಿಗೂ ಬರಲ್ಲ, ದೊಡ್ಡಬೆಲೆಗೂ ಬರಲ್ಲ, ದಾಬಸ್‌ಪೇಟೆಗಂತೂ ಇಲ್ಲವೇ ಇಲ್ಲ.

ಯಾಕೆ ಅಲ್ಲಿಗೇ ನಿಂತಿತು? ದುಡ್ಡಿನ ಲೆಕ್ಕ ನೋಡಿ. ಕೇಂದ್ರ ನೂರಕ್ಕೆ 20, ರಾಜ್ಯ 20, ಉಳಿದ 60 ಸಾಲ. ಜರ್ಮನಿಯ ಕೆಎಫ್‌ಡಬ್ಲ್ಯೂ ಬ್ಯಾಂಕು 50 ಕೋಟಿ ಯೂರೋ, ಯುರೋಪಿನ ಹೂಡಿಕೆ ಬ್ಯಾಂಕು 30 ಕೋಟಿ ಯೂರೋ. ಅಂದು ಪೌಂಡು, ಇಂದು ಯೂರೋ. ಕಟ್ಟುವ ಕೆ-ರೈಡ್ ಕಂಪನಿಯಲ್ಲಿ ರಾಜ್ಯದ ಪಾಲು 51, ರೈಲ್ವೆಯದು 49. ಆದರೆ ಹಳಿ, ಜಾಗ ಎಲ್ಲಾ ರೈಲ್ವೆಯದು. ತುಮಕೂರು, ಮೈಸೂರು, ಕೋಲಾರ, ಗೌರಿಬಿದನೂರುಗಳವರೆಗೆ ಎರಡನೆಯ ಹಂತದ ಅಧ್ಯಯನ ಮಾಡುತ್ತೇವೆ ಅಂತ ಕೆ-ರೈಡ್ ಕೇಳಿದಾಗ, 2023ರಲ್ಲಿ ನೈಋತ್ಯ ರೈಲ್ವೆ ಒಪ್ಪಿಗೆ ಕೊಡಲಿಲ್ಲ. ಕಟ್ಟುವುದಿರಲಿ, ಅಳೆದು ನೋಡುವುದಕ್ಕೂ ಅಡ್ಡಿ.

ಕೇಂದ್ರದ ಹಣ, ಪ್ರಾಂತದ ಹೊರೆ, ಈ ಜಗ್ಗಾಟದ ಚರಿತ್ರೆಯನ್ನೇ ಬಾಬಾಸಾಹೇಬರು ಅಧ್ಯಯನ ಮಾಡಿದ್ದರು. ಬ್ರಿಟಿಷ್ ಇಂಡಿಯಾದ ಪ್ರಾಂತೀಯ ಹಣಕಾಸಿನ ಬೆಳವಣಿಗೆಯ ಮೇಲೆ ಅವರು ಬರೆದ ಪುಸ್ತಕ 1925ರಲ್ಲಿ ಅಚ್ಚಾಯಿತು. ನಮ್ಮ ನಾಯಕರು ಅವರ ಪಟಕ್ಕೆ ಹಾರ ಹಾಕುತ್ತಾರೆ, ಆ ಪುಸ್ತಕ ಬಿಚ್ಚುವುದಿಲ್ಲ. ಬಜೆಟ್ಟಿನ ಅಂಕಿಯನ್ನು ಓದೋದೂ ಚಳವಳಿಯ ಕೆಲಸವೇ.

ಈಗ ಇನ್ನೊಂದು ಮಾತು ಕೇಳಿಬರುತ್ತಿದೆ. ಮಾದಾವರದಿಂದ ತುಮಕೂರಿಗೆ ಮೆಟ್ರೋ. 56 ಕಿಲೋಮೀಟರು, 20,000 ಕೋಟಿಗೂ ಮೇಲೆ, ಖಾಸಗಿ ಪಾಲುದಾರಿಕೆ. ಹೆದ್ದಾರಿಯ ಮೇಲೇ ಬರುವುದರಿಂದ ದಾಬಸ್‌ಪೇಟೆಯೂ ಸಿಗುತ್ತದೆ ಅಂತ ಊರಿನ ಸೈಟು ವ್ಯಾಪಾರಿಗಳಿಗೆ ಸಂತೋಷ. ಬರಲಿ, ಬೇಡ ಅನ್ನುವವರು ನಾವಲ್ಲ. ಆದರೆ 2025ರ ಫೆಬ್ರವರಿಯಲ್ಲಿ ಬೆಂಗಳೂರು ಮೆಟ್ರೋದ ಅತಿ ಹೆಚ್ಚಿನ ದರ 60ರಿಂದ 90 ರೂಪಾಯಿಗೆ ಏರಿತು. ಖಾಸಗಿಯವನು ಲಾಭ ಕೇಳದೆ ಬಿಡುತ್ತಾನೆಯೇ? ಸೋಂಪುರ ಕೈಗಾರಿಕಾ ಪ್ರದೇಶದ ಗುತ್ತಿಗೆ ಕೂಲಿ, ಪೀಣ್ಯದ ಗಾರ್ಮೆಂಟ್ಸಿಗೆ ಹೋಗುವ ಹೆಣ್ಣುಮಗಳು, ಗಾರೆ ಕೆಲಸದವನು ದಿನಾ ಹೋಗಿಬರಲು ಅಂಥ ದರ ಕೊಟ್ಟಾರೇ?

ಹಳಿ ಇಲ್ಲ ಅಂತಲ್ಲ. ತುಮಕೂರಿಗೆ ಜೋಡಿ ಹಳಿ ಇದೆ, ವಿದ್ಯುತ್ತಿದೆ. 2024ರಲ್ಲಿ ಮೆಮು ರೈಲೂ ಬಂತು. ದಾಬಸ್‌ಪೇಟೆಗೆ ಹತ್ತಿರದ ನಿಡವಂದ ಸ್ಟೇಷನ್ನಿದೆ. ಸಾಮಾನ್ಯ ರೈಲಿನ ಕನಿಷ್ಠ ಟಿಕೆಟ್ಟು ಇನ್ನೂ ಹತ್ತು ರೂಪಾಯಿಯ ಆಸುಪಾಸಿನದು. ಇಲ್ಲದಿರುವುದು ಕೂಲಿಯವನ ಗಂಟೆಗೆ ತಕ್ಕಷ್ಟು ರೈಲು. ಹೊಸ ಸಾಲ ಬರುವವರೆಗೆ ಕಾಯಬೇಕಾದ ಕೆಲಸವಲ್ಲ ಇದು. ಫ್ಯಾಕ್ಟರಿಯ ಪಾಳಿ ಹೊತ್ತಿಗೆ ಇನ್ನಷ್ಟು ಮೆಮು ಬಿಡಲಿ. ಸಣ್ಣ ಸ್ಟೇಷನ್ನುಗಳಲ್ಲಿ ನಿಲ್ಲಿಸಲಿ. ನಿಡವಂದದಿಂದ ಸೋಂಪುರಕ್ಕೆ ರೈಲಿನ ವೇಳೆಗೆ ಸರ್ಕಾರಿ ಬಸ್ಸು ಓಡಲಿ. ಎರಡನೆಯ ಹಂತದ ಅಧ್ಯಯನಕ್ಕೆ ಅಡ್ಡಿ ಬೇಡ.

ಸಂಘಟನೆಯ ಗೆಳೆಯರು, ಹಳ್ಳಿಯ ಮೇಷ್ಟ್ರುಗಳು ಒಂದು ಕೆಲಸ ಮಾಡಬಹುದು. ನಿಮ್ಮೂರಿಂದ ದಿನಾ ಎಷ್ಟು ಜನ ಕೂಲಿಗೆ, ಕಾಲೇಜಿಗೆ ಹೋಗುತ್ತಾರೆ, ಎಷ್ಟು ಗಂಟೆಗೆ, ಎಷ್ಟು ಖರ್ಚಿಗೆ ಅಂತ ಪಟ್ಟಿ ಮಾಡಿ. 1884ರಲ್ಲಿ ನಮ್ಮನ್ನು ಯಾರೂ ಕೇಳಲಿಲ್ಲ, ನಮಗಾಗ ಅಕ್ಷರವೂ ಇರಲಿಲ್ಲ. ಈಗ ಇದೆ. ಸಾಲ ತೀರಿಸುವವರು ನಾವಾದರೆ, ರೈಲು ಎಲ್ಲಿ ನಿಲ್ಲಬೇಕು ಅಂತ ಹೇಳುವವರೂ ನಾವೇ ಆಗಬೇಕು.